ಹಸಿರು ವ್ಯಾನಿನ ಬಂಧುಗಳಿಗೆ ಒಂದು ಬಹಿರಂಗ ಪತ್ರ

ಹಸಿರು ವ್ಯಾನಿನಲ್ಲಿದ್ದ ಕನ್ನಡದ ಬಂಧುಗಳೇ,

ನಿಮ್ಮ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ದನಿ ಮಾತ್ರ ಇನ್ನೂ ಕಿವಿಯಲ್ಲಿದೆ. ಹೋದ ಆಗಸ್ಟಿನಲ್ಲಿ ಕೀನ್ಯಾದ ಮಸಾಯಿ ಮಾರಾದಲ್ಲಿ, ತಲೇಕ್ ಹೊಳೆಯಿಂದ ಸ್ವಲ್ಪ ಆಚೆಗಿನ ಹುಲ್ಲುಬಯಲಿನಲ್ಲಿ, ಬೆಳಿಗ್ಗೆ ಏಳರ ಸುಮಾರಿಗೆ ನಿಮ್ಮ ಗಾಡಿಯ ತೆರೆದ ಚಾವಣಿಯಿಂದ "ಏಯ್, ಈ ಕಡೆ ನೋಡೇ!" ಅಂತ ಒಂದು ಕೂಗು ಬಂತು. ಹಿಂದೆಯೇ ಒಂದು ಶಿಳ್ಳೆ. ಮನೆಯಿಂದ ಅಷ್ಟು ದೂರದಲ್ಲಿ ಕನ್ನಡ ಕಿವಿಗೆ ಬಿದ್ದರೆ ಯಾರಿಗಾದರೂ ಜೀವ ಹಿಗ್ಗುತ್ತದೆ. ನನಗೆ ಆವತ್ತು ಹಾಗಾಗಲಿಲ್ಲ. ನೀವು ಕರೆದದ್ದು ಎರಡು ತಿಂಗಳ ಮರಿಗಳನ್ನು ಕಟ್ಟಿಕೊಂಡು ಬೇಟೆಗೆ ಹೊರಟಿದ್ದ ಒಂದು ತಾಯಿ ಚೀತಾವನ್ನು.

ನಾನು ಆಗ ಬಾಯಿ ಬಿಡಲಿಲ್ಲ. ಬಿಡಬೇಕಿತ್ತು. ನಿಮ್ಮಿಂದ ಮೂರು ಗಾಡಿ ಆಚೆ, ಕಂಬಳಿ ಹೊದ್ದುಕೊಂಡು ಸುಮ್ಮನೆ ಕೂತಿದ್ದೆ. ಊರಿಗೆ ಬಂದ ಮೇಲೂ ಆ ಬೆಳಗು ಬಿಟ್ಟುಹೋಗಲಿಲ್ಲ. ಆದ್ದರಿಂದ ಈ ಪತ್ರ. ನಿಮ್ಮನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಬೈಯುವ ಆಸೆ ನನಗಿಲ್ಲ. ನಿಮ್ಮ ಹಾಗೆಯೇ ಈ ವರ್ಷವೂ ಬೆಂಗಳೂರಿಂದ, ಮೈಸೂರಿಂದ, ಹುಬ್ಬಳ್ಳಿಯಿಂದ ಎಷ್ಟೋ ಜನ ಅಲ್ಲಿಗೆ ಹೋಗುವವರಿದ್ದಾರೆ. ಅವರೂ ಓದಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನನ್ನ ಬಗ್ಗೆ ಎರಡು ಮಾತು. ನಾನು ಸಕಲೇಶಪುರದ ಕಡೆಯವಳು, ಕಾಫಿ ತೋಟದಲ್ಲಿ ಬೆಳೆದವಳು. ನಮ್ಮಲ್ಲಿ ಆನೆ ನೋಡಲು ಯಾರೂ ದುಡ್ಡು ಕೊಟ್ಟು ಹೋಗುವುದಿಲ್ಲ, ಅದೇ ಬರುತ್ತದೆ. ಅಪ್ಪನ ಹತ್ತಿರ ಒಂದು ಹಳೆಯ ಬೈನಾಕ್ಯುಲರ್ ಇತ್ತು. ಗದ್ದೆಗೆ ಆನೆ ಇಳಿದಿದೆ ಅಂದರೆ ಮನೆಯ ಜಗುಲಿಯಿಂದಲೇ ನೋಡುತ್ತಿದ್ದರು, ನಮಗೂ ಒಬ್ಬೊಬ್ಬರಿಗೆ ಕೊಡುತ್ತಿದ್ದರು. ದಾರಿಯಲ್ಲಿ ಎದುರಾದರೆ ಅವರು ಹೇಳುತ್ತಿದ್ದದ್ದು ಇಷ್ಟೇ: "ದಾರಿ ಅದರದ್ದು, ಅದು ಹೋದ ಮೇಲೆ ನಾವು ಹೋದರಾಯ್ತು." ಎಷ್ಟೋ ಸಲ ಅದು ಹೋಗಲು ಒಂದು ಗಂಟೆ ಹಿಡಿಯುತ್ತಿತ್ತು. ಶಾಲೆಗೆ ತಡವಾದರೆ ಮೇಷ್ಟ್ರು ಕಾರಣ ಕೇಳುತ್ತಿರಲಿಲ್ಲ, ಅವರಿಗೂ ಗೊತ್ತಿರುತ್ತಿತ್ತು. ಈಗ ನಮ್ಮ ಕಡೆ ಆನೆ ಎಲ್ಲಿದೆ ಅಂತ ಮೊಬೈಲಿಗೆ ಸಂದೇಶ ಬರುತ್ತದೆ. ಬಂದ ಕೂಡಲೇ ತೋಟದ ಕೆಲಸದವರು ಆ ಕಡೆ ಹೋಗುವುದನ್ನು ಬಿಡುತ್ತಾರೆ. ಮಾರಾದಲ್ಲೂ ಪ್ರಾಣಿ ಎಲ್ಲಿದೆ ಅಂತ ಸಂದೇಶ ಬರುತ್ತದೆ, ಚಾಲಕರ ರೇಡಿಯೋದಲ್ಲಿ. ಅದು ಬಂದ ಕೂಡಲೇ ಎಲ್ಲ ಗಾಡಿಗಳೂ ಅದೇ ಕಡೆಗೆ ತಿರುಗುತ್ತವೆ.

ಆವತ್ತು ಆದದ್ದು ಅದೇ. ನಾವು ಅಲ್ಲಿಗೆ ಮುಟ್ಟಿದಾಗ ಮೂರೇ ಗಾಡಿ. ತಾಯಿ ಒಂದು ಹುತ್ತದ ಮೇಲೆ ಕೂತಿತ್ತು. ಕಣ್ಣಿನ ಒಳಮೂಲೆಯಿಂದ ಬಾಯಿಯ ತನಕ ಇಳಿದ ಆ ಕಪ್ಪು ಗೆರೆ, ಕಾಡಿಗೆ ಕರಗಿ ಹರಿದ ಹಾಗೆ, ಬೈನಾಕ್ಯುಲರಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಹುತ್ತದ ಬುಡದ ಹುಲ್ಲಿನಲ್ಲಿ ಮೂರು ಮರಿ. ಆ ವಯಸ್ಸಿನಲ್ಲಿ ಅವುಗಳ ಕತ್ತಿನಿಂದ ಬೆನ್ನಿನುದ್ದಕ್ಕೂ ಬೂದಿ ಬಣ್ಣದ ಉದ್ದ ಕೂದಲಿರುತ್ತದೆ, ಒಣಹುಲ್ಲಿನಲ್ಲಿ ಬೆರೆತುಹೋಗಲು ಅನುಕೂಲ. ಸುಮಾರು ಇನ್ನೂರು ಮೀಟರ್ ಆಚೆ ಥಾಮ್ಸನ್ ಗಜೆಲ್‌ಗಳು ಮೇಯುತ್ತಿದ್ದವು, ನಮ್ಮ ಜಿಂಕೆಗಿಂತ ಚಿಕ್ಕವು, ಪಕ್ಕೆಯಲ್ಲಿ ಕಪ್ಪು ಪಟ್ಟಿ. ತಾಯಿ ಹುತ್ತದಿಂದ ಇಳಿದು, ತಲೆಯನ್ನು ಭುಜಕ್ಕಿಂತ ಕೆಳಗೆ ಮಾಡಿಕೊಂಡು, ಒಂದೊಂದೇ ಹೆಜ್ಜೆ ಇಡಲು ಶುರುಮಾಡಿತು. ಮರಿಗಳು ಇದ್ದಲ್ಲೇ ಕೂತವು. ಕೂತಿರಬೇಕು ಅಂತ ಅವಕ್ಕೆ ಗೊತ್ತು.

ಆಮೇಲೆ ಗಾಡಿಗಳು ಬರತೊಡಗಿದವು. ಐದು, ಒಂಬತ್ತು, ಹನ್ನೆರಡು. ಹದಿನೇಳರ ತನಕ ಎಣಿಸಿ ಬಿಟ್ಟೆ. ನಿಮ್ಮ ಹಸಿರು ವ್ಯಾನು ತಡವಾಗಿ ಬಂತು. ಮುಂದೆ ಜಾಗ ಇರಲಿಲ್ಲ. ನಿಮ್ಮ ಚಾಲಕ ಗಾಡಿಜಾಡು ಬಿಟ್ಟು ಹುಲ್ಲಿಗಿಳಿಸಿ, ಒಂದು ಸುತ್ತು ಹಾಕಿ, ತಾಯಿಗೂ ಮರಿಗಳಿಗೂ ನಡುವೆ ತಂದು ನಿಲ್ಲಿಸಿದ. ಶಿಳ್ಳೆ ಬಂದದ್ದು ಆಗ. ಗಜೆಲ್‌ಗಳು ಒಟ್ಟಿಗೆ ತಲೆ ಎತ್ತಿದವು, ಬಾಲ ಪಟಪಟ ಬಡಿದವು, ಎರಡು ನೆಗೆತಕ್ಕೆ ದೂರವಾದವು.

ನಿಮಗೆ ಸಿಕ್ಕ ಚಿತ್ರ ಬಹಳ ಚೆನ್ನಾಗಿ ಬಂದಿರಬೇಕು. ತಾಯಿ ಹಿಂದೆ ತಿರುಗಿ ನೇರವಾಗಿ ನಿಮ್ಮ ಕಡೆಗೇ ನೋಡಿತು. ಆದರೆ ಅದು ಹುಡುಕುತ್ತಿದ್ದದ್ದು ನಿಮ್ಮ ಗಾಡಿಯ ಆಚೆ ಬದಿಯಲ್ಲಿದ್ದ ಮರಿಗಳನ್ನು. ಚೀತಾ ಸಿಂಹದ ಹಾಗೆ ಗರ್ಜಿಸಲಾರದು. ಮರಿಗಳನ್ನು ಕರೆಯುವಾಗ ಹಕ್ಕಿ ಚಿಲಿಪಿಲಿ ಅಂದ ಹಾಗೆ ಒಂದು ಸಣ್ಣ ದನಿ ತೆಗೆಯುತ್ತದೆ. ಆವತ್ತು ಅದು ಹಾಗೆ ಕರೆಯಿತು, ಮತ್ತೆ ಮತ್ತೆ ಕರೆಯಿತು. ಹದಿನೇಳು ಡೀಸೆಲ್ ಎಂಜಿನ್‌ಗಳಲ್ಲಿ ಎಷ್ಟೋ ಆಫ್ ಆಗಿರಲಿಲ್ಲ. ಮರಿಗಳಿಗೆ ಅದು ಕೇಳಿಸಿತೋ ಇಲ್ಲವೋ. ಅವು ಓಡಿಬಂದು ತಾಯಿಯನ್ನು ಸೇರಿದ್ದು ಸುಮಾರು ಇಪ್ಪತ್ತು ನಿಮಿಷವಾದ ಮೇಲೆ, ನಿಮ್ಮ ಗಾಡಿ ಹೊರಟ ಮೇಲೆ. ಅಷ್ಟರಲ್ಲಿ ಬಿಸಿಲೇರಿತ್ತು. ತಾಯಿ ಮತ್ತೆ ಬೇಟೆಗೆ ಏಳಲಿಲ್ಲ.

ಒಂದು ಹೊತ್ತಿನ ಊಟ ತಪ್ಪಿದರೆ ಏನಾಯಿತು ಅಂತ ನೀವು ಕೇಳಬಹುದು. ಚೀತಾದ ಬದುಕು ಬಹಳ ಇಕ್ಕಟ್ಟಿನದು, ಸ್ವಲ್ಪ ಕೇಳಿ. ಸಿಂಹಕ್ಕೆ, ಕತ್ತೆಕಿರುಬಕ್ಕೆ ಹೆದರಿ ಅದು ಹೆಚ್ಚಾಗಿ ಹಗಲು ಹೊತ್ತಿನಲ್ಲಿ ಬೇಟೆಯಾಡುತ್ತದೆ. ನಾವು ಪ್ರವಾಸಿಗರು ಗಾಡಿ ಹತ್ತುವುದೂ ಅದೇ ಹೊತ್ತಿಗೆ, ಬೆಳಗಿನ ತಂಪಿನಲ್ಲಿ ಮತ್ತು ಇಳಿಹೊತ್ತಿನಲ್ಲಿ. ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗ ಅದಕ್ಕಿದೆ ನಿಜ, ಆದರೆ ಆ ಓಟ ಒಂದು ನಿಮಿಷವೂ ನಡೆಯದು. ಹಿಡಿದ ಮೇಲೂ ತಕ್ಷಣ ತಿನ್ನುವ ಶಕ್ತಿ ಇರುವುದಿಲ್ಲ. ಪಕ್ಕೆ ತಿದಿಯ ಹಾಗೆ ಏರಿಳಿಯುತ್ತಾ ಕೂತು ದಣಿವಾರಿಸಿಕೊಳ್ಳಬೇಕು. ಆ ಹೊತ್ತಿನಲ್ಲಿ ಗಾಡಿಗಳು ಸುತ್ತ ನೆರೆದರೆ ಅದು ಆಸುಪಾಸಿನ ಕತ್ತೆಕಿರುಬಗಳಿಗೆ ಕೊಟ್ಟ ಸುಳಿವಿದ್ದ ಹಾಗೆ. ಬಂದ ಕತ್ತೆಕಿರುಬದ ಜೊತೆ ಚೀತಾ ಜಗಳಕ್ಕೆ ನಿಲ್ಲುವುದು ಅಪರೂಪ. ಕಾಲಿಗೆ ಗಾಯವಾದರೆ ಓಟ ಹೋಯಿತು, ಓಟ ಹೋದರೆ ಮರಿಗಳೂ ಹೋದವು. ಮಾಂಸ ಬಿಟ್ಟು ಎದ್ದು ಹೋಗುತ್ತದೆ.

2018ರಲ್ಲಿ ಫೆಮ್ಕೆ ಬ್ರೂಕ್‌ಹೌಸ್ ಎಂಬ ಸಂಶೋಧಕಿ ಮಾರಾದ ಹೆಣ್ಣು ಚೀತಾಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಪ್ರವಾಸಿಗರು ಕಡಿಮೆ ಇರುವ ಕಡೆ ಒಂದು ತಾಯಿ ಸೂಲೊಂದಕ್ಕೆ ಸರಾಸರಿ 2.3 ಮರಿಗಳನ್ನು ಸ್ವತಂತ್ರವಾಗುವ ತನಕ ಸಾಕಿತ್ತು. ಪ್ರವಾಸಿಗರು ಹೆಚ್ಚಿರುವ ಕಡೆ 0.2. ಅಂದರೆ ಅಲ್ಲಿ ಐದು ಸೂಲು ಸೇರಿ ಉಳಿದದ್ದು ಒಂದು ಮರಿ. ಗಾಡಿಯ ಚಕ್ರಕ್ಕೆ ಸಿಕ್ಕಿ ಮರಿಗಳು ಸತ್ತವು ಅಂತ ಆ ಅಧ್ಯಯನ ಹೇಳುವುದಿಲ್ಲ. ತಪ್ಪಿದ ಬೇಟೆ, ಬಿಟ್ಟುಹೋದ ಮಾಂಸ, ಮರಿಗಳಿಂದ ದೂರ ಕಳೆದ ಗಳಿಗೆ, ಇಂಥವೆಲ್ಲ ಒಟ್ಟುಗೂಡಿ ಹೀಗಾಗಿರಬಹುದು ಎಂಬುದು ಅವರ ಊಹೆ. ನಾನು ಆ ಅಂಕಿಗಳನ್ನು ಓದಿದ್ದು ಊರಿಗೆ ಮರಳಿದ ಮೇಲೆ. ಓದಿದ ರಾತ್ರಿ ನಿದ್ದೆ ಬರಲಿಲ್ಲ. ಆ ಹದಿನೇಳು ಗಾಡಿಗಳಲ್ಲಿ ಒಂದು ನನ್ನದು.

ಇಲ್ಲಿ ಇನ್ನೊಂದು ವಿಷಯ ಹೇಳದಿದ್ದರೆ ಸಮಾಧಾನವಿಲ್ಲ. ನಿಮ್ಮ ಗಾಡಿಯಲ್ಲಿ ಯಾರೋ "ಚಿರತೆ, ಚಿರತೆ" ಅನ್ನುತ್ತಿದ್ದರು. ಚಿರತೆ ಬೇರೆ, ಇದು ಬೇರೆ. ಚೀತಾಕ್ಕೆ ನಮ್ಮದೇ ಒಂದು ಹೆಸರಿತ್ತು: ಸಿವಂಗಿ. ಹತ್ತೊಂಬತ್ತನೇ ಶತಮಾನದಲ್ಲಿ ಭಾರತದ ಪ್ರಾಣಿಗಳ ಬಗ್ಗೆ ಬರೆದ ಜೆರ್ಡನ್ ಇದರ ಕನ್ನಡದ ಹೆಸರು ಅಂತ ಅದನ್ನೂ ಕೊಟ್ಟಿದ್ದಾನೆ. ಹೆಸರಿತ್ತು ಅಂದರೆ ಪ್ರಾಣಿಯೂ ಇತ್ತು. ನಮ್ಮ ಒಣ ಬಯಲುಗಳಲ್ಲಿ ಓಡಾಡಿಕೊಂಡಿದ್ದದ್ದು ಇಲ್ಲವಾಯಿತು. 1952ರಲ್ಲಿ ಭಾರತದಲ್ಲಿ ಚೀತಾ ನಾಮಾವಶೇಷವಾಯಿತು ಅಂತ ಘೋಷಿಸಿದರು. ಪ್ರಾಣಿಯ ಹಿಂದೆ ಹೆಸರೂ ಹೋಯಿತು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಎಂಟನ್ನು ವಿಮಾನದಲ್ಲಿ ಮಧ್ಯಪ್ರದೇಶದ ಕುನೋಗೆ ತಂದಾಗ ದೇಶವೇ ಟಿವಿ ಮುಂದೆ ಕೂತಿತ್ತು, ಮರುವರ್ಷ ದಕ್ಷಿಣ ಆಫ್ರಿಕಾದಿಂದ ಹನ್ನೆರಡು ಬಂದವು. ಕುನೋದಲ್ಲಿ ಒಂದು ಮರಿ ಹುಟ್ಟಿದರೆ ಸುದ್ದಿ, ಸತ್ತರೆ ಸುದ್ದಿ. ಇಡೀ ಲೋಕದಲ್ಲಿ ಕಾಡಿನಲ್ಲಿ ಉಳಿದಿರುವುದು 7,000ದ ಆಸುಪಾಸು. ಅಂಥದ್ದು ಮೂರು ಮರಿಗಳ ಸಮೇತ ನಮ್ಮ ಕಣ್ಣೆದುರು ಕೂತಿತ್ತು.

ಈಗ ನಿಮ್ಮ ಚಾಲಕನ ವಿಷಯ. ಈ ಪತ್ರ ಬರೆಯಲು ಮುಖ್ಯ ಕಾರಣವೇ ಅವನು. ಇಂಥ ಪ್ರಸಂಗಗಳ ಸುದ್ದಿ ಬಂದಾಗಲೆಲ್ಲ ಜನ ಚಾಲಕರನ್ನು ಬೈಯುತ್ತಾರೆ, ಅವರಿಗೆ ಶಿಸ್ತಿಲ್ಲ ಅಂತ. ಅವರಿಗೆ ನಿಯಮ ನಮಗಿಂತ ಚೆನ್ನಾಗಿ ಗೊತ್ತು. ಒಂದು ಪ್ರಾಣಿಯ ಬಳಿ ಒಮ್ಮೆಗೆ ಐದು ಗಾಡಿ. ಹಿಂದೆ ಬೇರೆಯವರು ಕಾಯುತ್ತಿದ್ದರೆ ಹತ್ತು ನಿಮಿಷ ನೋಡಿ ಜಾಗ ಬಿಡಬೇಕು. ಕಡೇಪಕ್ಷ 25 ಮೀಟರ್ ದೂರ. ಜಾಡು ಬಿಟ್ಟು ಇಳಿಯುವ ಹಾಗಿಲ್ಲ. ಇದನ್ನು ನನಗೆ ಹೇಳಿಕೊಟ್ಟದ್ದು ನಮ್ಮ ಚಾಲಕ, ಬೆರಳು ಮಡಿಸಿ ಎಣಿಸುತ್ತಾ. ಮತ್ತೆ ನೀವೂ ಯಾಕೆ ಅಲ್ಲೇ ನಿಂತಿರಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮಾ, ನೀವು ಚೀತಾ ಬೇಕು ಅಂದಿರಿ" ಅಂದ.

ಹೌದು, ಅಂದಿದ್ದೆವು. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ನಮ್ಮ ಗುಂಪಿನವರೆಲ್ಲ ಸೇರಿ ಚೀತಾವನ್ನೂ ಸೇರಿಸಿ ಪಟ್ಟಿ ಕೊಟ್ಟಿದ್ದೆವು. ಪ್ರವಾಸದ ಕರಪತ್ರದಲ್ಲೂ "ಬಿಗ್ ಫೈವ್" ಅಂತ ದಪ್ಪಕ್ಷರದಲ್ಲಿತ್ತು. ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ, ಈ ಐದರ ಪಟ್ಟಿ ಮಾಡಿದವರು ಕೋವಿ ಹಿಡಿದು ಹೋದವರು, ಕಾಲ್ನಡಿಗೆಯಲ್ಲಿ ಬೇಟೆಯಾಡಲು ಅತಿ ಕಷ್ಟದವು ಇವು ಅಂತ. ಕೀನ್ಯಾ 1977ರಲ್ಲೇ ಬೇಟೆ ನಿಲ್ಲಿಸಿತು. ಪಟ್ಟಿ ಮಾತ್ರ ನಮ್ಮ ಕೈಗೆ ಬಂತು, ಒಂದೊಂದನ್ನೇ ನೋಡಿ ಗೀಟು ಹಾಕುವ ಚಟವೂ ಜೊತೆಗೆ ಬಂತು. ಸಂಜೆ ಬಿಡಾರದಲ್ಲಿ ಮಾತೆಲ್ಲ ಅದೇ: "ನಿಮಗೆ ಎಷ್ಟಾಯ್ತು? ನಮಗೆ ನಾಲ್ಕಾಯ್ತು."

ಪಟ್ಟಿ ತುಂಬದಿದ್ದರೆ ಚಾಲಕನಿಗೆ ಕೊನೆಯ ದಿನ ಕೈಗೆ ಹಾಕುವ ಟಿಪ್ಸ್ ಕಡಿಮೆಯಾಗುತ್ತದೆ. ಕಂಪನಿಗೆ ದೂರು ಹೋದರೆ ಮುಂದಿನ ಟ್ರಿಪ್ ಇನ್ನೊಬ್ಬನಿಗೆ. ಅದೇ ಅವನು ಜಾಡು ಬಿಟ್ಟಾಗ ರೇಂಜರ್ ಹಿಡಿದರೆ ದಂಡವೂ ಅವನಿಗೇ. ಎರಡೂ ಕಡೆಯಿಂದ ಸಿಕ್ಕಿಬೀಳುವವನು ಅವನು. "ನಾವು ದುಡ್ಡು ಕೊಟ್ಟಿದ್ದೇವೆ" ಅಂತ ನಿಮ್ಮ ಗಾಡಿಯಲ್ಲಿ ಒಬ್ಬರು ಅಂದದ್ದು ನನಗೆ ಕೇಳಿಸಿತು. ನಿಜ, ನಾವೆಲ್ಲ ಕೊಟ್ಟಿದ್ದೇವೆ. ಜುಲೈಯಿಂದ ಡಿಸೆಂಬರ್ ತನಕ ಹೊರದೇಶದವರಿಗೆ ಪ್ರವೇಶ ಶುಲ್ಕವೇ ತಲೆಗೆ 200 ಡಾಲರ್, ಅದೂ ಬೆಳಿಗ್ಗೆ ಆರರಿಂದ ಸಂಜೆ ಆರರ ತನಕ ಮಾತ್ರ. ಎಷ್ಟೋ ಮನೆಗಳಲ್ಲಿ ಇದು ವರ್ಷಗಟ್ಟಲೆ ಕೂಡಿಟ್ಟ ದುಡ್ಡು, ನನ್ನದೂ ಹಾಗೆಯೇ. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ನಾವು ದುಡ್ಡು ಕೊಟ್ಟದ್ದು ಚೀತಾದ ಮನೆಯೊಳಗೆ ಕಾಲಿಡಲು. ನಮ್ಮ ಕಡೆ ತಿರುಗಿ ನೋಡು ಅನ್ನುವುದಕ್ಕೆ ಅದು ಯಾವ ಮುಂಗಡವನ್ನೂ ಪಡೆದಿಲ್ಲ.

ಆದ್ದರಿಂದ ನಾನು ಕೇಳುವುದು ಒಂದೇ. ಬೆಳಿಗ್ಗೆ ಗಾಡಿ ಹತ್ತುವಾಗ ಚಾಲಕನಿಗೆ ನೀವಾಗಿಯೇ ಹೇಳಿಬಿಡಿ: ನಮಗೆ ಪಟ್ಟಿ ಇಲ್ಲ, ಹತ್ತಿರ ಹೋಗಲೇಬೇಕಿಲ್ಲ, ಗುಂಪು ಕಂಡರೆ ಮುಂದೆ ನಡಿ, ನಿನಗೆ ಕೊಡುವುದನ್ನು ಕೊಟ್ಟೇ ಕೊಡುತ್ತೇವೆ. ಅಲ್ಲಿಯವರು ಅನ್ನುವ ಹಾಗೆ "ಪೋಲೆ ಪೋಲೆ", ನಿಧಾನಕ್ಕೆ. ಆ ಮಾತು ಅವನ ಬಾಯಿಂದ ಬರಲಾರದು. ಸೀಟಿನಲ್ಲಿ ಕೂತ ನಮ್ಮಿಂದಲೇ ಬರಬೇಕು.

ಮಾರನೆಯ ದಿನ ನಾವು ಹಾಗೆ ಹೇಳಿದೆವು. ಗುಂಪಿನಲ್ಲಿ ಇಬ್ಬರಿಗೆ ಇಷ್ಟವಿರಲಿಲ್ಲ, ಒಪ್ಪಿಸಲು ಸ್ವಲ್ಪ ಮಾತಾಯಿತು. ಚಾಲಕ ನನ್ನ ಮುಖ ನೋಡಿದ, ರೇಡಿಯೋದ ದನಿ ಇಳಿಸಿದ. ಮಧ್ಯಾಹ್ನ ಮೂರೂವರೆಗೆ ಒಂದು ಅಕೇಶಿಯಾ ಮರದ ಹತ್ತಿರ, ಜಾಡಿನ ಮೇಲೆಯೇ, ಎಂಜಿನ್ ಆಫ್ ಮಾಡಿ ನಿಲ್ಲಿಸಿದ. ಮೊದಲ ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಏನೂ ಇಲ್ಲದಿದ್ದ ಕಡೆ ಒಂದೊಂದೇ ಕಾಣತೊಡಗಿತು. ಚಕ್ರದ ಪಕ್ಕದಲ್ಲೇ ಒಂದು ಸಗಣಿ ಹುಳ ತನಗಿಂತ ದೊಡ್ಡ ಉಂಡೆಯನ್ನು ಹಿಂಗಾಲಿನಲ್ಲಿ ತಳ್ಳುತ್ತಿತ್ತು. ಕಾಡೆಮ್ಮೆಯೊಂದರ ಕಿವಿಯೊಳಗೆ ಕೆಂಪು ಕೊಕ್ಕಿನ ಹಕ್ಕಿಯೊಂದು ಉಣ್ಣಿ ಹೆಕ್ಕುತ್ತಿತ್ತು, ಎಮ್ಮೆ ಕಣ್ಣು ಮುಚ್ಚಿಕೊಂಡಿತ್ತು.

ಅಷ್ಟು ಹೊತ್ತಿಗೆ ಆನೆಗಳು ಬಂದವು, ಏಳು. ಮುಂದೆ ಹಿರಿಯ ಹೆಣ್ಣಾನೆ. ಅಲ್ಲಿ ಹೆಣ್ಣಾನೆಗೂ ದಂತವಿರುತ್ತದೆ, ಇದರ ಎಡದಂತ ತುದಿಯಲ್ಲಿ ಮುರಿದಿತ್ತು. ಐವತ್ತು ಮೀಟರ್ ದೂರದಲ್ಲಿ ನಿಂತು ಸೊಂಡಿಲು ಎತ್ತಿ ನಮ್ಮ ವಾಸನೆ ಹಿಡಿಯಿತು. ಕಿವಿ ಅಗಲಿಸಲಿಲ್ಲ. ನಮ್ಮ ಗಾಡಿಯಲ್ಲಿ ಉಸಿರಾಟವೂ ಕೇಳಿಸುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅದು ಸೊಂಡಿಲು ಇಳಿಸಿ ನೇರ ನಮ್ಮ ಕಡೆಗೇ ನಡೆದು ಬಂತು, ಹಿಂದೆ ಉಳಿದವು, ನಡುವೆ ಒಂದು ಮರಿ. ಬಾನೆಟ್ಟಿನ ಮುಂದೆ, ನಾಲ್ಕು ಮಾರು ದೂರದಲ್ಲಿ, ಸಾಲಾಗಿ ದಾಟಿದವು. ಚರ್ಮದ ನೆರಿಗೆಗಳಲ್ಲಿ ಒಣಗಿದ ಕೆಸರು ಬಿರುಕುಬಿಟ್ಟಿದ್ದು ಕಾಣುತ್ತಿತ್ತು, ಹೊಟ್ಟೆಯೊಳಗಿನ ಗುಡುಗುಡು ಕೇಳುತ್ತಿತ್ತು. ಎಷ್ಟು ಹತ್ತಿರ ಅನ್ನುವುದನ್ನು ಅವೇ ತೀರ್ಮಾನಿಸಿದ್ದವು. ನಾನು ಹುಟ್ಟಿದಾಗಿನಿಂದ ಆನೆ ನೋಡಿದವಳು. ಅಷ್ಟು ನೆಮ್ಮದಿಯ ಆನೆಗಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನಮ್ಮಲ್ಲಿ ಅವಕ್ಕೆ ಪಟಾಕಿ ಸದ್ದು ಕೇಳಿ ಕೇಳಿ ನೆಮ್ಮದಿ ಎಲ್ಲಿಂದ ಬರಬೇಕು.

ವೈಲ್ಡ್‌ಬೀಸ್ಟ್‌ಗಳು ಮಾರಾ ನದಿ ದಾಟುವುದನ್ನು ನೋಡಲೆಂದೇ ಆಗಸ್ಟಿನಲ್ಲಿ ಹೋಗುವವರು ಹೆಚ್ಚು, ನೀವೂ ಅದಕ್ಕೇ ಬಂದಿರಬೇಕು. ಸೆರೆಂಗೆಟಿಯಿಂದ ಹೊರಡುವ ಲಕ್ಷಗಟ್ಟಲೆ ಪ್ರಾಣಿಗಳ ಮಂದೆ ಅದು. ದಡಕ್ಕೆ ಬಂದು ಗಂಟೆಗಟ್ಟಲೆ ನಿಲ್ಲುತ್ತವೆ, ಮುಂದಿನದು ಹೆಜ್ಜೆ ಇಟ್ಟರೆ ಹಿಂದಿನವೆಲ್ಲ ನುಗ್ಗುತ್ತವೆ. ಮೊದಲ ಪ್ರಾಣಿ ನೀರಿಗಿಳಿಯುವ ಮುಂಚೆ ಗಾಡಿಗಳು ದಡಕ್ಕೆ ಧಾವಿಸಿದರೆ ಮಂದೆ ಹಿಂದೆ ಸರಿಯುತ್ತದೆ, ಇಲ್ಲವೇ ಕಡಿದಾದ ಇನ್ನೊಂದು ಕಡೆ ಇಳಿದು ಕಾಲು ಮುರಿದುಕೊಳ್ಳುತ್ತದೆ. ಕೆಳಗೆ ಮೊಸಳೆ ಇದ್ದೇ ಇದೆ. 2025ರ ಜುಲೈಯಲ್ಲಿ ತಾಂಜಾನಿಯಾದ ಬದಿಯಲ್ಲಿ ಪ್ರವಾಸಿಗರು ಗಾಡಿ ಇಳಿದು, ದಡದಲ್ಲೇ ಸಾಲುಗಟ್ಟಿ ನಿಂತು ಮಂದೆಗೆ ಅಡ್ಡವಾದ ವಿಡಿಯೋ ಊರೆಲ್ಲ ಹರಿದಾಡಿತ್ತು. ನಾನು ಎರಡು ದಿನ ಕಾದೆ, ನದಿ ದಾಟುವುದು ಕಾಣಲಿಲ್ಲ. ಹೇಳಿಕೊಳ್ಳಲು ಬೇಸರವೇನಿಲ್ಲ.

ಇನ್ನು ಸಣ್ಣಪುಟ್ಟವು. ಊಟಕ್ಕೆ ನಿಲ್ಲಿಸಿದ ಕಡೆ ಕೋತಿಗಳಿಗೆ ಕೋಡುಬಳೆ ಎಸೆಯಬೇಡಿ. ಇವತ್ತು ಕೈಚಾಚಿದ ಕೋತಿ ನಾಳೆ ಮಗುವಿನ ಕೈ ಕಚ್ಚುತ್ತದೆ, ಆಮೇಲೆ ಅದನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಗಾಡಿಯ ಬದಿ ತಟ್ಟಿ ಸಿಂಹವನ್ನು ಎಬ್ಬಿಸಬೇಡಿ. ಹಗಲೆಲ್ಲ ಮಲಗುವುದೇ ಅದರ ಬದುಕು. ಮತ್ತೆ ಕೈಲಾದರೆ, ಮೀಸಲು ಪ್ರದೇಶಕ್ಕೆ ತಾಗಿಕೊಂಡಿರುವ ನಬೋಯಿಶೋ, ಮಾರಾ ನಾರ್ತ್‌ನಂಥ ಕನ್ಸರ್ವೆನ್ಸಿಗಳಲ್ಲಿ ಒಂದೆರಡು ದಿನ ಇರಿ. ಮಸಾಯಿ ಕುಟುಂಬಗಳೇ ಜಮೀನಿನ ಒಡೆಯರು, ಬಾಡಿಗೆ ಅವರಿಗೆ ಹೋಗುತ್ತದೆ, ಗಾಡಿಗಳಿಗೂ ಮಿತಿಯಿದೆ. ದುಬಾರಿ ಹೌದು. ನಾಲ್ಕು ದಿನದ ಪ್ರವಾಸವನ್ನು ಮೂರಕ್ಕಿಳಿಸಿ ಹೋಗಿ ಅಂತಲೇ ನನ್ನ ಸಲಹೆ.

ಕಡೆಯದಾಗಿ, ನಿಮ್ಮ ಗಾಡಿಯಲ್ಲಿದ್ದ ಆ ಹುಡುಗಿ. ಎಂಟೋ ಒಂಬತ್ತೋ ವರ್ಷ, ಎರಡು ಜಡೆ, ಹಳದಿ ಸ್ವೆಟರ್. ಶಿಳ್ಳೆ ಬಂದಾಗ ಎಲ್ಲರೂ ತಾಯಿಯ ಕಡೆ ನೋಡುತ್ತಿದ್ದರೆ ಅವಳೊಬ್ಬಳು ಇನ್ನೊಂದು ಬದಿಯ ಕಿಟಕಿಗೆ ಮುಖ ಹಚ್ಚಿ ಮರಿಗಳನ್ನು ನೋಡುತ್ತಿದ್ದಳು. "ಅಪ್ಪಾ, ಸುಮ್ನಿರಪ್ಪಾ, ಅವು ಅಮ್ಮನ್ನ ಹುಡುಕ್ತಿವೆ" ಅಂದದ್ದು ಮೂರು ಗಾಡಿ ಆಚೆಗೂ ಕೇಳಿತು. ನೀವು ಯಾರೂ ಕೇಳಿಸಿಕೊಳ್ಳಲಿಲ್ಲ. ಮುಂದಿನ ಸಲ, ಮಾರಾಕ್ಕಾಗಲಿ ನಮ್ಮ ಕಬಿನಿಗಾಗಲಿ ಹೋದಾಗ, ಅವಳನ್ನು ಚಾಲಕನ ಪಕ್ಕದ ಸೀಟಿನಲ್ಲಿ ಕೂರಿಸಿ. ಯಾವಾಗ ನಿಲ್ಲಬೇಕು, ಯಾವಾಗ ಹೊರಡಬೇಕು ಅಂತ ಅವಳೇ ಹೇಳಲಿ.

ಅಪ್ಪನ ಬೈನಾಕ್ಯುಲರ್ ಇನ್ನೂ ನನ್ನ ಹತ್ತಿರ ಇದೆ. ಬಲಗಡೆ ಗಾಜಿನ ಅಂಚಿನಲ್ಲಿ ಸ್ವಲ್ಪ ಬೂಸಲು ಹಿಡಿದಿದೆ, ಬಿಟ್ಟರೆ ಚೆನ್ನಾಗಿಯೇ ಕಾಣುತ್ತದೆ. ನನಗೆ ಈಗ ಅದನ್ನು ಬಹಳ ಹೊತ್ತು ಎತ್ತಿ ಹಿಡಿಯಲು ಕೈ ನಡುಗುತ್ತದೆ. ಈ ಪತ್ರ ಕಂಡರೆ ಪತ್ರಿಕೆಯ ಮೂಲಕ ವಿಳಾಸ ತಿಳಿಸಿ. ಅದನ್ನು ಅವಳಿಗೆ ಕಳಿಸುತ್ತೇನೆ.

ಇತಿ,
ಆ ಬೆಳಿಗ್ಗೆ ನಿಮ್ಮಿಂದ ಮೂರು ಗಾಡಿ ಆಚೆ ಕೂತಿದ್ದವಳು
ಸಕಲೇಶಪುರ